ಯಾವ ಕಡೆಯ ಹುಬ್ಬು

೧೯೩೭ನೆಯ ಇಸವಿ ಫೆಬ್ರವರಿ ೧೪, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ನಮ್ಮ ನಡುಮನೆಯಲ್ಲಿ ನಿನ್ನೆಯಿಂದ ವಾರ್ನೀಷಿನ ವಾಸನೆ. ಮುದ್ದೆಗೂ ಅದೇ ವಾಸನೆ, ಸಾರಿಗೂ ಅದೇ. ಅದು ಬರುತ್ತಿರುವುದು ನನ್ನ ತಂಗಿ ಚಿಕ್ಕತಾಯಿಯ ಪಟದಿಂದ. ಹದಿನಾಲ್ಕು ವರ್ಷದ ಹುಡುಗಿ, ಹೋದ ಶ್ರಾವಣದಲ್ಲಿ ತೀರಿಕೊಂಡಳು. ಬುಧವಾರ ಹುಣಸೆ ಮರದ ಮೇಲಿದ್ದಳು. ಗುರುವಾರ ಸಂಜೆ ಮೈ ಬೆಚ್ಚಗಿದೆ ಎಂದು ಮಲಗಿದಳು. ಶನಿವಾರ ಬೆಳಿಗ್ಗೆ ಇರಲಿಲ್ಲ. ಜ್ವರಕ್ಕೆ ಅಷ್ಟು ಅವಸರ ಇರಬಹುದೆಂದು ನಮ್ಮ ಬೆಸಗರಹಳ್ಳಿಯಲ್ಲಿ ಯಾರಿಗೂ ತೋಚಿರಲಿಲ್ಲ.

ಪಟವನ್ನು ನೀವು ನೋಡಬೇಕು, ಬಹಳ ಸೊಗಸಾಗಿದೆ. ಹಾಲಿನಂಥ ಬಣ್ಣ, ಗುಲಾಬಿ ಕೆನ್ನೆ, ಕೈಯಲ್ಲೊಂದು ತಾವರೆ. ಹಿಂದೆ ಸರೋವರ, ಅದರಲ್ಲಿ ಎರಡು ಹಂಸ. ನಮ್ಮೂರ ಕೆರೆಯಲ್ಲಿ ನಾನು ಇದುವರೆಗೆ ಎಮ್ಮೆಗಳನ್ನು ಮಾತ್ರ ಕಂಡಿದ್ದೇನೆ. ಹಂಸಗಳು ಯಾವ ಬಸ್ಸಿನಲ್ಲಿ ಬಂದು ಇಳಿದವೋ ಗೊತ್ತಿಲ್ಲ. ಇಷ್ಟೆಲ್ಲ ಇರುವ ಪಟದಲ್ಲಿ ನನ್ನ ತಂಗಿಯೊಬ್ಬಳೇ ಇಲ್ಲ.

ಅವಳದೊಂದು ಫೋಟೋ ಇದ್ದಿದ್ದರೆ ಈ ಪಾಡು ಬರುತ್ತಿರಲಿಲ್ಲ. ಫೋಟೋ ತೆಗೆಸಿದರೆ ಮಕ್ಕಳ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ನಮ್ಮ ದೊಡ್ಡಪ್ಪನವರ ಸಿದ್ಧಾಂತ. ಮದ್ದೂರಿನ ಸಂತೆಗೆ ಫೋಟೋದವನು ಬಂದಾಗ ಅವಳು ಕಾಲು ನೆಲಕ್ಕೆ ಬಡಿದು ಅತ್ತಳು. ದೊಡ್ಡಪ್ಪ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿದರು. ಹೀಗೆ ಅವಳ ಆಯಸ್ಸನ್ನು ಜೋಪಾನ ಮಾಡಿದ್ದಾಯಿತು. ದೊಡ್ಡಪ್ಪನವರದು ಮಾತ್ರ ಪೇಟ ಸಮೇತ ಮೂರು ಫೋಟೋಗಳಿವೆ. ದೇವರ ದಯದಿಂದ ಗುಂಡುಕಲ್ಲಿನ ಹಾಗಿದ್ದಾರೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ಆಡಿಕೊಳ್ಳುವ ಹಕ್ಕು ನನಗಿರುವುದಿಲ್ಲ. ನಾನು ಮದ್ದೂರಿನಲ್ಲಿ ಮೇಷ್ಟ್ರು. ವಯಸ್ಸು ಇಪ್ಪತ್ಮೂರು. ಎಂಟು ವರ್ಷದಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆಯುತ್ತಿದ್ದೇನೆ. ಯಾರು ಬಂದರು, ಎಷ್ಟು ಹೊತ್ತಿಗೆ, ಎಷ್ಟು ಮುದ್ದೆ ಉಂಡರು, ಏನೆಂದರು, ಎಲ್ಲಕ್ಕೂ ಲೆಕ್ಕ. ಚಿಕ್ಕತಾಯಿಗೆ ಇದೊಂದು ದೊಡ್ಡ ತಮಾಷೆ. ಸೀನಿದೊಡನೆ ಅಡಿಗೆಮನೆಯಿಂದಲೇ ಕೂಗುವಳು: “ಅಣ್ಣ, ಇನ್ನೊಂದ್ ಕಿತ ಸೀನ್ದೆ ಕಣಣ್ಣ, ಬರ್ಕೊ! ಆಮ್ಯಾಕೆ ಲೆಕ್ಕ ತಪ್ಪೋಯ್ತು ಅಂತ ಅಳ್ಬ್ಯಾಡ!” ಒಂದು ದಿನ ನಾನಿಲ್ಲದಾಗ ಪುಸ್ತಕ ತೆಗೆದು ತಾನೇ ಒಂದು ಸಾಲು ಬರೆದಿಟ್ಟಿದ್ದಳು. ‘ಈವತ್ತು ಅಣ್ಣ ಮೂರು ಕಿತ ಮೂಗು ಕೆರಕಂಡ.’ ಎಂಟು ಪುಸ್ತಕಗಳಲ್ಲಿ ಓದಿಸಿಕೊಂಡು ಹೋಗುವ ಸಾಲು ಅದೊಂದೇ.

ಹೋದ ತಿಂಗಳು ಮಂಡ್ಯದಿಂದ ಚಿತ್ರಗಾರರು ಬಂದರು. ನಾಟಕದ ಪರದೆ ಬರೆಯುವುದು ಅವರ ಕಸುಬು. ಸತ್ತವರ ಪಟವನ್ನೂ ಮನೆಯವರನ್ನು ಕೇಳಿ ಕೇಳಿ ಬರೆದುಕೊಡುತ್ತಾರೆ. ಹೋಲಿಕೆಗೆ ರಕ್ತಸಂಬಂಧಿ ಒಬ್ಬರು ಎದುರಿಗೆ ಕೂರಬೇಕು. ಚಿಕ್ಕತಾಯಿ ನನ್ನನ್ನೇ ಹೋಲುತ್ತಿದ್ದಳೆಂದು ಎಲ್ಲರೂ ಹೇಳಿದ್ದರಿಂದ, ನನ್ನ ಹಣೆಗೆ ಕುಂಕುಮವಿಟ್ಟು, ತಲೆಯ ಮೇಲೆ ಅವಳ ದಾವಣಿ ಹೊದಿಸಿ ಜಗುಲಿಯ ಮೇಲೆ ಕೂರಿಸಿದರು. ಬೀದಿಯ ಮಕ್ಕಳೆಲ್ಲ ಸೇರಿಬಿಟ್ಟವು. ಅವರಲ್ಲಿ ನಾಲ್ವರು ಮದ್ದೂರಿನ ಶಾಲೆಗೆ ಬರುವ ನನ್ನ ಶಿಷ್ಯರು.

“ಮೀಸೆ ಯೋಚ್ನೆ ಬುಡಿ ಮೇಷ್ಟ್ರೇ, ಅದ್ನ ನಾನು ಬುಟ್ಟು ಬರೀತೀನಿ” ಎಂದು ಚಿತ್ರಗಾರರು ಧೈರ್ಯ ಹೇಳಿದರು. “ಮೂಗು ಎಂಗಿತ್ತು ಹೇಳಿ.”

ಮಳವಳ್ಳಿಯಿಂದ ಬಂದಿದ್ದ ಸೋದರತ್ತೆ ಸೆರಗು ಕಣ್ಣಿಗೊತ್ತಿಕೊಂಡು ಹೇಳಿದರು: “ಸಂಪ್ಗೆ ಮೊಗ್ಗು ಕಣಪ್ಪ! ನಮ್ಮ ಮನೆ ಸೊಸೆ ಆಗ್ಬೇಕಾಗಿದ್ದೋಳು. ಬಣ್ಣ ಅಂದ್ರೆ ಬಂಗಾರ.”

ನನ್ನ ಏಳನೆಯ ಪುಸ್ತಕದಲ್ಲಿ ಇದೇ ಅತ್ತೆಯ ಮಾತಿದೆ. ಮಗನಿಗೆ ಹೆಣ್ಣು ನೋಡಲು ಬಂದು, ಎರಡು ಮುದ್ದೆ ಉಂಡು, ‘ಬೋಂಡ ಮೂಗು, ಇದ್ಲು ಬಣ್ಣ, ಬಾಯಂತೂ ಬಜಾರಿದು’ ಎಂದು ಹೇಳಿ ಎದ್ದುಹೋಗಿದ್ದರು. ನಾನು ಪುಸ್ತಕ ತಂದು ಓದಿದೆ.

“ಲೇ, ಸತ್ತೋರ್ ಇಸ್ಯ ಅಂಗೆಲ್ಲಾ ಓದ್ತಾರೇನ್ಲಾ?” ಎಂದು ದೊಡ್ಡಪ್ಪ ಗದರಿದರು. “ಇದ್ಯೆ ಕಲ್ತೋನು, ನಾಚ್ಕೆ ಆಗಾಕಿಲ್ವಾ?”

ಮೂಗು ಸಂಪಿಗೆಯಾಯಿತು. ಬಣ್ಣ ಬಂಗಾರ ಕಡಿಮೆಯಾಯಿತೆಂದು ಹಾಲಾಯಿತು. ತಾವರೆ ದೊಡ್ಡಪ್ಪನವರ ಅಪ್ಪಣೆ. ಬದುಕಿದ್ದಾಗ ಅವಳ ಕೈಯಲ್ಲಿ ಇರುತ್ತಿದ್ದದ್ದು ಎಮ್ಮೆಯ ಹಗ್ಗ, ಇಲ್ಲವೆ ಕದ್ದ ಹುಣಸೆಕಾಯಿ.

ಸಾಕೆನಿಸಿತು. “ಒಂದನ್ನಾದರೂ ಇದ್ದ ಹಾಗೆ ಬರೆಯಿರಿ. ಹುಬ್ಬಿನ ಮೇಲೆ ಒಂದು ಕಲೆ ಇತ್ತು, ಹುಬ್ಬು ಅಲ್ಲಿ ಎರಡು ತುಂಡಾಗಿತ್ತು” ಎಂದೆ.

“ಆಗ್ಲಿ, ಬರೀವ. ಯಾವ ಕಡೆ ಉಬ್ಬು?” ಎಂದರು ಚಿತ್ರಗಾರರು.

ನಾನು ಬಾಯಿ ತೆರೆದೆ. ಎಡ ಎನ್ನಲು ಹೋದೆ, ಬಲವಿರಬಹುದು ಅನ್ನಿಸಿತು. ಕಣ್ಣು ಮುಚ್ಚಿದರೆ ಕಲೆ ಕಾಣುತ್ತದೆ, ನಗುವಾಗ ಅದು ಮೇಲೇರುವುದೂ ಕಾಣುತ್ತದೆ, ಕಡೆ ಮಾತ್ರ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡುತ್ತದೆ. ಪರವಾಗಿಲ್ಲ, ಪುಸ್ತಕವಿದೆಯಲ್ಲ! ಬಹಳ ಠೀವಿಯಿಂದ ಆರನೆಯದನ್ನು ತೆರೆದೆ. ಅವಳಿಗೆ ರೈಲು ತೋರಿಸಲೆಂದು ಗಾಡಿಯಲ್ಲಿ ಮದ್ದೂರಿನ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದ ದಿನ. ‘ಸಂಜೆ ೪-೧೭: ರೈಲು ಏಳು ನಿಮಿಷ ತಡ. ಅದೇ ಹೊತ್ತಿಗೆ ಚಿ. ಗಾಡಿಯ ಮೂಕಿಮರದ ಮೇಲೆ ನಿಂತು ಬಿದ್ದು ಹುಬ್ಬು ಸೀಳಿಕೊಂಡಳು. ಅರಿಸಿನ ಎರಡು ಚಿಟಿಕೆ. ಮನೆಗೆ ೬-೦೫.’

ಅಷ್ಟೇ. ಅರಿಸಿನ ಎಷ್ಟು ಚಿಟಿಕೆ ಎಂಬುದಿದೆ, ಯಾವ ಹುಬ್ಬು ಎಂಬುದಿಲ್ಲ. ಇರುವುದಾದರೂ ಹೇಗೆ? ಅವಳು ಬೀಳುವಾಗ ನಾನು ಗಡಿಯಾರ ನೋಡುತ್ತಿದ್ದೆ. ರಕ್ತ ಸುರಿಯುತ್ತಿದ್ದರೂ ಅವಳು ನಕ್ಕು, “ಏಸ್ ಗಂಟೆಗ್ ಬಿದ್ದೆ ಅಂತ ಬರ್ಕೊಂಡ್ಯಾ, ಇಲ್ಲಾ ಇನ್ನೊಂದ್ ಕಿತ ಬೀಳ್ಲಾ?” ಎಂದಿದ್ದಳು. ಆ ಮಾತನ್ನೂ ನಾನು ಬರೆದುಕೊಳ್ಳಲಿಲ್ಲ. ರೈಲಿನ ಏಳು ನಿಮಿಷ ಅದಕ್ಕಿಂತ ಮುಖ್ಯವಾಗಿತ್ತು. ರೈಲಿನವರು ಇದುವರೆಗೆ ಬಂದು ಅದನ್ನು ಕೇಳಿಲ್ಲ.

ಅತ್ತೆ ಎಡ ಎಂದರು, ದೊಡ್ಡಪ್ಪ ಬಲ ಎಂದರು, ಇಬ್ಬರೂ ಆಣೆ ಇಡುವವರೆಗೆ ಹೋದರು. ಅದುವರೆಗೆ ಬಾಗಿಲ ಹಿಂದೆ ನಿಂತಿದ್ದ ಅವ್ವ ಆಗ ಹೊರಗೆ ಬಂದಳು. “ಅಲ್ಲಾಡ್ಬ್ಯಾಡ ಮಗ” ಎಂದು ನನ್ನ ಹಿಂದೆ ಕುಳಿತು, ದಾವಣಿ ಸರಿಸಿ, ಇಲ್ಲದ ಜಡೆಯನ್ನು ಹೆಣೆಯುವವಳಂತೆ ನನ್ನ ತಲೆಯಲ್ಲಿ ಬೆರಳಾಡಿಸಿದಳು. ದಿನವೂ ಚಿಕ್ಕತಾಯಿಗೆ ತಲೆ ಬಾಚಿದ ಮೇಲೆ ಆ ಕಲೆಯನ್ನೊಮ್ಮೆ ಸವರುವುದು ಅವಳ ರೂಢಿಯಾಗಿತ್ತು. ಬೆರಳು ನನ್ನ ಎಡ ಹುಬ್ಬಿಗೆ ಬಂತು, ನಿಂತಿತು. ಬಲ ಹುಬ್ಬಿಗೆ ಹೋಯಿತು, ನಿಂತಿತು. ಮತ್ತೆ ಎಡಕ್ಕೆ ಬಂತು.

“ಆರ್ ತಿಂಗ್ಳಾಗಿಲ್ಲ ಕಣ್ಲಾ ಮಗ” ಎಂದಳು ಅವ್ವ. “ನಂಗೇ ಮರ್ತೋಯ್ತಲ್ಲಾ.” ಎದ್ದು ಒಳಗೆ ಹೋದಳು.

ಚಿತ್ರಗಾರರು ಒಳ್ಳೆಯವರು. “ಓಗ್ಲಿ ಬುಡಿ, ದೇವ್ರಂತಾ ಮೊಕಕ್ಕೆ ಗಾಯ ಯಾಕೆ?” ಎಂದು ಎರಡು ಹುಬ್ಬನ್ನೂ ಬಿಲ್ಲಿನಂತೆ ಬಾಗಿಸಿಬಿಟ್ಟರು. ಪಟವನ್ನು ಮಂಡ್ಯದಲ್ಲಿ ಮುಗಿಸಿ ನಿನ್ನೆ ತಂದುಕೊಟ್ಟರು.

ಈಗ ಎಂಟೂ ಮುಕ್ಕಾಲು. ಅವ್ವ ಪಟದ ಕೆಳಗೆ ಗುಡಿಸುತ್ತಿದ್ದಾಳೆ, ಒಂದು ಸಲವೂ ತಲೆ ಎತ್ತಿಲ್ಲ. ದೊಡ್ಡಪ್ಪನ ಮೊಮ್ಮಗು ಆಗಲೇ ಅದಕ್ಕೆ ಕೈ ಮುಗಿಯುವುದನ್ನು ಕಲಿತಿದೆ. ಇನ್ನೈದು ವರ್ಷ ಹೋದರೆ ನಾನೂ ಈ ಹಾಲುಬಣ್ಣದವಳನ್ನೇ ನನ್ನ ತಂಗಿ ಎಂದುಕೊಳ್ಳುತ್ತೇನೆ; ನನ್ನ ಭಯ ಅದೇ. ಹುಬ್ಬೊಂದು ಸಿಕ್ಕರೆ ಸಾಕು, ಅದನ್ನು ಹಿಡಿದು ಉಳಿದ ಮುಖವನ್ನು ಹುಡುಕಿಕೊಂಡೇನು.

ಬೆಸಗರಹಳ್ಳಿಯ ಶಾಲೆಯಲ್ಲಿ ಅವಳ ಪಕ್ಕ ಕುಳಿತವರು, ಅವಳೊಡನೆ ಎಮ್ಮೆ ಕಾದವರು, ಹುಣಸೆಕಾಯಿಗಾಗಿ ಅವಳನ್ನು ಅಟ್ಟಿಸಿಕೊಂಡು ಹೋದ ತೋಟದವರು ಯಾರಾದರೂ ಇದನ್ನು ಓದಿದರೆ, ಅಥವಾ ಓದಬಲ್ಲವರಿಂದ ಓದಿಸಿ ಕೇಳಿದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಅವಳು ಬಹಳ ಚೆಲುವೆ, ಬಹಳ ಗುಣವಂತೆ ಎಂದು ಬರೆಯಬೇಡಿ, ಅದನ್ನು ಹೇಳುವುದಕ್ಕೆ ನಮ್ಮ ಮನೆಯಲ್ಲೇ ಹನ್ನೊಂದು ಜನರಿದ್ದಾರೆ. ಎಡವೋ ಬಲವೋ, ಅಷ್ಟು ಬರೆಯಿರಿ. ಕಾರ್ಡು ಬಂದ ದಿನ, ಗಂಟೆ ನೋಡದೆ, ಮೊದಲು ಅವ್ವನಿಗೆ ಓದಿ ಹೇಳುತ್ತೇನೆ.