ತಂತಿ ಸಾಲಿನ ಮೆಣಸು

ಮೊದಲು ನಾವು ಬಿದಿರಿನ ಏಣಿಯಲ್ಲಿ ಕಾಳುಮೆಣಸು ಕುಯ್ಯುತ್ತಿದ್ದೆವು. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದಿಂದ ಇನ್ನೊಂದು ಮರಕ್ಕೆ ಆ ಏಣಿಯನ್ನು ಸಾಗಿಸಲು ಇಬ್ಬರು ಗಟ್ಟಿ ಗಂಡಸರೇ ಬೇಕು. ಆಮೇಲೆ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಗಂಡ ಹೆಂಡತಿ ಇದ್ದರೆ ಸಾಕು. ಅದನ್ನು ಕೆಳಗಿಳಿಸದೆ, ನಿಂತದ್ದು ನಿಂತ ಹಾಗೇ ಎತ್ತಿ ಮುಂದಿನ ಮರಕ್ಕೆ ಒರಗಿಸುವುದನ್ನು ಹುದಿಕೇರಿ ಕಡೆ ನಾವು ಕೂಲಿಗಿರುವ ತೋಟದಲ್ಲಿ ಮೊದಲು ಮಾಡಿದವನು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಮೂವತ್ತಡಿ ಏಣಿ ಯಾವ ಕಡೆ ವಾಲುತ್ತದೆ ಎಂದು ಅಂಗೈಯಲ್ಲೇ ತಿಳಿಯುತ್ತಿತ್ತು. ಮಲಗಿಸಿ ಎಬ್ಬಿಸುವವರು ನಾಲ್ಕು ಮರ ಕುಯ್ಯುವಷ್ಟರಲ್ಲಿ ನಾನು ಆರು ಮುಗಿಸುತ್ತಿದ್ದೆ. ನೋಡಿ ಉಳಿದವರೂ ಕಲಿತರು. ನಾನು ಮೇಸ್ತ್ರಿಯಾದದ್ದೂ ಅದರಿಂದಲೇ.

ಕರೆಂಟ್ ತಂತಿಗೆ ಏಣಿ ತಾಗಿ ಸತ್ತವರ ಸುದ್ದಿ ಬೇರೆ ತೋಟಗಳಿಂದ ಆಗಾಗ ಬರುತ್ತಿತ್ತು. ಪಾಪ, ಏಣಿ ಹಿಡಿಯಲು ಬರದವರು ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಆ ವರ್ಷ ಕುಯ್ಲು ಶುರುವಾಗುವ ದಿನ ಬೆಳಗಿನ ಹಾಜರಿಗೆ ಎಲ್ಲರೂ ಸೇರುವ ಮಸ್ಟರ್‌ನಲ್ಲಿ, ತೋಟದ ಲೆಕ್ಕ ಬರೆಯುವ ರೈಟರ್ ಒಂದು ಕಾಗದ ಓದಿದರು. ಏಣಿಯನ್ನು ಮಲಗಿಸಿಯೇ ಸಾಗಿಸಬೇಕು, ತಂತಿಯ ಹತ್ತಿರ ನಿಲ್ಲಿಸಬಾರದು, ಅಪಾಯ ಕಂಡರೆ ತಕ್ಷಣ ತಿಳಿಸಬೇಕು. ಮೊದಲು ಸೈನ್ ಹಾಕಿದವನು ನಾನು. ಹಾಕಿ, ಎಲ್ಲರಿಗೂ ಕೇಳುವಂತೆ ಅಂದೆ: "ರೈಟ್ರೇ, ಕಾಗದ ಓದಿದ್ರೆ ಮೆಣಸು ತಾನಾಗಿ ಕೆಳಗೆ ಬರಲ್ಲ." ಎಲ್ಲರೂ ನಕ್ಕರು. ರೈಟರ್ ಕೂಡ ನಕ್ಕು ಕಾಗದವನ್ನು ಫೈಲಿಗೆ ಸೇರಿಸಿದರು. ಆಮೇಲೆ ಅದೇ ಅಲ್ಯೂಮಿನಿಯಂ ಏಣಿಗಳನ್ನು ಕೊಟ್ಟು, ಪಕ್ಕದಲ್ಲೇ ತಂತಿ ಹಾದುಹೋಗುವ ಸಾಲಿಗೂ ನಮ್ಮನ್ನು ಕಳಿಸಿದರು.

ಆ ಸಾಲು ಗೇಟಿನಿಂದ ಕೆರೆಯವರೆಗೆ ಇದೆ. ಮೆಣಸು ಹಣ್ಣಾಗಿ ಉದುರಲು ಶುರುವಾಗಿತ್ತು. ನಾನೂ ಹೆಂಡತಿಯೂ ಹೋದೆವು. ಮೂರನೆಯ ಮರದಿಂದ ನಾಲ್ಕನೆಯದಕ್ಕೆ ಏಣಿ ಎತ್ತಿದಾಗ ತರಗೆಲೆಯ ಮೇಲೆ ಅವಳ ಕಾಲು ಜಾರಿತು. ಏಣಿ ವಾಲಿತು. ನನ್ನ ಅಂಗೈಗೆ ಅದು ತಿಳಿಯುವಷ್ಟರಲ್ಲಿ ಮೇಲೆ ಠಣ್ ಎಂದಿತು. ತಂತಿ ತೂಗಾಡಿತು. ಏಣಿ ಇಬ್ಬರ ಕೈಯಲ್ಲೂ ಇತ್ತು.

ಏನೂ ಆಗಲಿಲ್ಲ. ಇಬ್ಬರೂ ಒಟ್ಟಿಗೇ ಕೈಬಿಟ್ಟೆವು. ಏಣಿ ಕಾಫಿ ಗಿಡಗಳ ಮೇಲೆ ಬಿತ್ತು.

"ಕರೆಂಟಿಲ್ಲ," ಅಂದಳು. "ಕೆರೆ ಮೋಟ್ರು ಆಗ್ಲೇ ನಿಂತಿತ್ತು. ನಿಮ್ಗೆ ಗೊತ್ತಾಗಿಲ್ಲ."

ದಾರಿಗೆ ಬಂದು ಕುಳಿತೆವು. ಅವಳು ನೀರು ಕುಡಿದು ಬಾಟಲಿಯನ್ನು ನನಗೆ ಕೊಟ್ಟಳು. ಕರೆಂಟು ಬಂದರೆ ತಾನಾಗಿ ತಿರುಗುವ ಮೋಟಾರು ಅದು. ನಾನು ಬಾಟಲಿ ಕೆಳಗಿಡುವ ಮೊದಲೇ ಗುಂಯ್ ಎಂದು ಶುರುವಾಯಿತು.

"ಯಾರೂ ನೋಡ್ಲಿಲ್ಲ," ಅಂದೆ.

"ನಾನಿದ್ನಲ್ಲ."

"ನಿನ್ನನ್ನಲ್ಲ, ಬೇರೆಯವ್ರನ್ನ ಹೇಳಿದ್ದು."

"ಬೇರೆಯವ್ರು ನಾಳೆ ನೋಡ್ತಾರೆ. ಈ ಸಾಲಿಗೆ ನಾಳೆ ಯಾರನ್ನ ಹಾಕ್ತೀರಿ, ಮೇಸ್ತ್ರಿ?"

ನನ್ನನ್ನು ಮೇಸ್ತ್ರಿ ಎಂದು ಅವಳು ಕರೆಯುವುದು ಸಿಟ್ಟು ಬಂದಾಗ ಮಾತ್ರ. ನಾವು ಬಿಟ್ಟರೆ ಅಲ್ಲಿಗೆ ಹೋಗಬೇಕಾದವರು ಕೂಲಿಯವರ ಲೈನ್ ಮನೆಗಳಲ್ಲಿ ನಮ್ಮ ಪಕ್ಕದಲ್ಲಿರುವ ಗಂಡ ಹೆಂಡತಿ. ಏಣಿಯನ್ನು ನಿಲ್ಲಿಸಿಯೇ ಎತ್ತುವುದನ್ನು ಅವನಿಗೆ ಕಲಿಸಿದವನು ನಾನು. ಬಾಯಿ ಬಿಟ್ಟರೆ ನನ್ನ ಕಸುಬೇ ತಪ್ಪು ಎಂದು ಇಡೀ ತೋಟದ ಎದುರು ಒಪ್ಪಿಕೊಂಡ ಹಾಗೆ. ಸುಮ್ಮನಿದ್ದರೆ ಅವರಿಬ್ಬರ ಜೀವ.

ಮರುದಿನ ಮಸ್ಟರ್‌ನಲ್ಲಿ ಹೇಳಿದೆ. ತೋಟದ ಸಾಹುಕಾರರು ಆಗತಾನೇ ಜೀಪಿನಿಂದ ಇಳಿದಿದ್ದರು. ಏಣಿ ತಂತಿಗೆ ತಾಗಿದ್ದು, ಕರೆಂಟಿಲ್ಲದ್ದರಿಂದ ನಾವು ಉಳಿದದ್ದು, ನಿಲ್ಲಿಸಿಯೇ ಎತ್ತಿದವನು ನಾನೇ ಎಂಬುದು, ಯಾವುದನ್ನೂ ಬಿಡಲಿಲ್ಲ.

ರೈಟರ್ ಫೈಲು ತೆರೆದರು. "ನೋಡು, ನಿನ್ನ ಸೈನು. ತಪ್ಪು ನಿಂದೇ ಅಲ್ವಾ?"

"ನಂದೇ. ಅದಕ್ಕೇ ಹೇಳ್ತಾ ಇರೋದು. ಆದ್ರೆ ತಂತಿ ಸಾಲಿಗೆ ಈ ಏಣಿ ಕೊಟ್ಟು ಕಳ್ಸಿದ್ದಕ್ಕೆ ಯಾರ ಸೈನು ಇದೆ ರೈಟ್ರೇ?"

ಸಾಹುಕಾರರು ನಡುವೆ ಬಂದರು. "ಲೈನ್ ಆಫ್ ಮಾಡ್ಸೋಕೆ ಕರೆಂಟ್ ಆಫೀಸಿಗೆ ಬರ್ದು ಕೊಡ್ಬೇಕು. ಅವ್ರು ಬರೋಕೆ ನಾಲ್ಕು ದಿನ. ಮೆಣಸು ಉದುರ್ತಾ ಇದೆ ಮಾರಾಯ."

"ಉದುರ್ಲಿ ಸಾವ್ಕಾರ್ರೇ. ಕರೆಂಟ್ ತೆಗಿಯೋವರೆಗೂ ಆ ಸಾಲಿಗೆ ನಾನು ಹೋಗಲ್ಲ, ಯಾರನ್ನೂ ಕಳ್ಸೋದೂ ಇಲ್ಲ. ಬೇರೆ ಮೇಸ್ತ್ರಿ ಬೇಕಿದ್ರೆ ಮಾಡ್ಕೊಳ್ಳಿ."

ಪಕ್ಕದ ಮನೆಯವಳು ಗಂಡನ ಕೈಯಲ್ಲಿದ್ದ ಏಣಿಯನ್ನು ಕೆಳಗಿಡಿಸಿದಳು. ಅದನ್ನು ನೋಡಿ ಇನ್ನಿಬ್ಬರು ಇಟ್ಟರು. ಸಾಹುಕಾರರು ಸಿಗ್ನಲ್ ಸಿಗುವ ಕಾಫಿ ಕಣದ ಮೂಲೆಗೆ ಫೋನ್ ಹಿಡಿದು ಹೋದರು.

ಆ ನಾಲ್ಕು ದಿನ ಬೇರೆ ಸಾಲುಗಳಲ್ಲಿ ಕೆಲಸ ಮಾಡಿದೆವು. ನಾನೂ ಅವಳೂ ಏಣಿಯನ್ನು ಮಲಗಿಸಿ, ತಲೆಗೊಬ್ಬರು ಬುಡಕ್ಕೊಬ್ಬರು ಹಿಡಿದು ನಡೆಯುವಾಗ ವಯಸ್ಸಾದ ಕುಯ್ಲಿನವರೊಬ್ಬರು ಕೂಗಿದರು: "ಹೆಣ ಯಾರದ್ದು ಮೇಸ್ತ್ರಣ್ಣ?"

"ನಿಮ್ಮದಲ್ಲ ತಾತ, ಖುಷಿ ಪಡಿ," ಅಂದಳು ನನ್ನ ಹೆಂಡತಿ.

ಆರು ಮರ ನಾಲ್ಕಾಯಿತು. ಅದು ನನಗೆ ಈಗಲೂ ಅಷ್ಟು ಇಷ್ಟವಿಲ್ಲ.

ಐದನೆಯ ದಿನ ಲೈನ್‌ಮ್ಯಾನ್ ಬಂದ. ಸ್ವಿಚ್ ಇಳಿಸಿ, ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತ್ ಕೊಟ್ಟು, "ಇನ್ನು ಹತ್ತಿ," ಅಂದ. ಯಾರೂ ಕದಲಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು. ಅಷ್ಟು ಮಾತಾಡಿದವನು ನಾನಾದ್ದರಿಂದ ಮೊದಲ ಮರ ನನ್ನದೇ. ಏಣಿ ಒರಗಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಬುಡ ಹಿಡಿದಿದ್ದ ಹೆಂಡತಿ ಲೈನ್‌ಮ್ಯಾನ್ ಕಡೆ ತಿರುಗಿದಳು.

"ಇವ್ರು ಇಳಿಯೋವರೆಗೂ ಕರೆಂಟ್ ಬರಲ್ಲ ಅಲ್ವಾ ಅಣ್ಣ?"

"ಬರಲ್ಲ ಅಕ್ಕ. ನಾನು ಹೇಳ್ದೆ ಯಾರೂ ಹಾಕಲ್ಲ."

"ಹಾಗಾದ್ರೆ ನೀವೂ ಬನ್ನಿ, ಈ ಕಡೆ ಹಿಡ್ಕೊಳ್ಳಿ."

ಅವನು ನಗುತ್ತಾ ಬಂದು ಏಣಿಯ ಇನ್ನೊಂದು ಬದಿ ಹಿಡಿದ. ನಾನು ಹತ್ತಿದೆ.