ಒಸ್ಮೊ ಕಟ್ಟಿದ ಹಲಗೆ, ವೆನ್ಲಾ ಹಚ್ಚಿದ ಬಣ್ಣ

ಇಮಾತ್ರ ಎಂಬ ಊರಿನ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತನಾದ ಒಸ್ಮೊನಿಗೆ ಹೆಮ್ಮೆಪಡಲು ಇದ್ದದ್ದು ಒಂದೇ ಒಂದು. ಅದು ಕಾರ್ಖಾನೆಯಲ್ಲ. ಹೆಂಡತಿಯಂತೂ ಅಲ್ಲವೇ ಅಲ್ಲ, ಆಕೆ ಇನ್ನೊಬ್ಬನ ಜೊತೆ ಲಹ್ತಿಗೆ ಹೋಗಿ ಹದಿನಾರು ವರ್ಷವಾಗಿತ್ತು. ಅವನ ಹೆಮ್ಮೆಯೆಂದರೆ ಅವನ ಹಲಗೆ.

'ಹಿಮಸೀಮೆ' ಎಂಬ ಆನ್‌ಲೈನ್ ಆಟ. ಒಬ್ಬ ಯೋಧನಾಗಿ, ಒಬ್ಬ ವೈದ್ಯನಾಗಿ, ಬೇರೆಬೇರೆ ಊರಿನವರು ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಟ್ಟಿಗೆ ರಾಕ್ಷಸರ ಮೇಲೆ ದಂಡೆತ್ತಿ ಹೋಗುವುದು. ಕಂಪನಿ ಕೊಟ್ಟ ಪರದೆಯೋ ಸಂತೆ. ಯಾರಿಗೆ ಗಾಯ, ಯಾರಿಗೆ ವಿಷ, ಒಂದೂ ತಿಳಿಯದು. ಬೇಕಾದವರು ಅದರ ಮೇಲೆ ತಮ್ಮದೇ ಪರದೆ ಕಟ್ಟಿಕೊಳ್ಳಬಹುದಿತ್ತು. ಒಸ್ಮೊ ನಲವತ್ತೆಂಟನೆಯ ವಯಸ್ಸಿನಲ್ಲಿ ಪುಸ್ತಕ ನೋಡಿ ಕೋಡ್ ಬರೆಯಲು ಕಲಿತು ಒಂದನ್ನು ಕಟ್ಟಿದ. ಇಪ್ಪತ್ತು ಜನರ ಜೀವ ಇಪ್ಪತ್ತು ಪಟ್ಟಿಗಳಾಗಿ ಸಾಲಾಗಿ ಕಾಣುವ ಆ ಪರದೆಗೆ ಅವನ ಜೊತೆ ಆಡುವ ಕೂಟದವರು ಹಲಗೆ ಎಂದು ಹೆಸರಿಟ್ಟರು. ಬಾಯಿಂದ ಬಾಯಿಗೆ ಹೋಗಿ ಎರಡು ಸಾವಿರ ಜನ ಅದನ್ನೇ ಬಳಸತೊಡಗಿದರು. ಹತ್ತು ವರ್ಷ ಅವನು ಅದನ್ನು ತಿದ್ದುತ್ತ, ತೀಡುತ್ತ ಬಂದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಂಪನಿ ಆಟದ ಒಳಗನ್ನೇ ಬದಲಿಸಿತು, ಹಲಗೆ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಯಿತು. "ಮಾಡ್ತೀನಿ ಇರ್ರೋ, ಏನವಸರ!" ಎಂದ ಒಸ್ಮೊ. ಹಿಮ ಕರಗಿತು, ಬರ್ಚ್ ಮರಗಳು ಚಿಗುರಿದವು, ಅವನು ಮಾಡಲಿಲ್ಲ. ಹೊಸ ವ್ಯವಸ್ಥೆ ಅವನ ತಲೆಗೆ ಹತ್ತಿರಲೇ ಇಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ.

ಆಗ ಮುಂದೆ ಬಂದವಳು ವೆನ್ಲಾ. ತುರ್ಕುವಿನ ಗ್ರಂಥಾಲಯದಲ್ಲಿ ಕೆಲಸ, ಇಪ್ಪತ್ತೊಂಬತ್ತು ವಯಸ್ಸು, ಕೂಟಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಪರದೆ ಕಟ್ಟುವವರಲ್ಲಿ ಒಂದು ಕಟ್ಟಳೆಯಿದೆ. ಮೊದಲು ಕಟ್ಟಿದವನು ಬದುಕಿರುವಾಗ ಅವನನ್ನು ಕೇಳದೆ ಅವನ ಕೆಲಸಕ್ಕೆ ಕೈ ಹಾಕಬಾರದು, ಅದೂ ಎಲ್ಲರೂ ಓದುವ ಚರ್ಚೆಯ ಪುಟದಲ್ಲೇ ಕೇಳಬೇಕು. ಅವಳು ಕೇಳಿದಳು: "ಒಸ್ಮೊ, ನಿನ್ನ ಹಲಗೆಯನ್ನು ನಾನು ಹೊಸದಾಗಿ ಕಟ್ಟಲೇ?" ಅಲ್ಲಿ ಎಲ್ಲರಿಗೂ ಏಕವಚನವೇ. ಆದರೂ ಆ 'ನಿನ್ನ' ಅಂದು ಅವನಿಗೆ ಚುಚ್ಚಿತು. ಊರೆಲ್ಲ ನೋಡುತ್ತಿರುವಾಗ ಬೇಡವೆನ್ನುವುದು ಹೇಗೆ? "ಆಗಲಿ" ಎಂದು ಬರೆದ.

ಮರುದಿನ ಇನ್ನೊಂದು ಪ್ರಶ್ನೆ, ಈ ಸಲ ಅವನೊಬ್ಬನಿಗೇ, ಖಾಸಗಿಯಾಗಿ: "ನಿನ್ನ ಪಟ್ಟಿಗಳು ನೀಲಿ, ವಿಷ ತಾಗಿದರೆ ಕಿತ್ತಳೆ. ಬೇರೆಲ್ಲರೂ ಹಸಿರು, ಕೆಂಪು ಇಡುತ್ತಾರೆ. ಇದಕ್ಕೆ ಕಾರಣವೇನಾದರೂ ಇದೆಯಾ? ಇಲ್ಲದಿದ್ದರೆ ಬದಲಿಸುತ್ತೇನೆ."

ಕಾರಣ ಇತ್ತು. ಅದರ ಹೆಸರು ಆರ್ವೊ, ಆಟದಲ್ಲಿ ಕೂಟದ ವೈದ್ಯ, ಎಪ್ಪತ್ತೆರಡರ ಮುದುಕ. ಕೊತ್ಕ ಬಂದರಿನಲ್ಲಿ ಮೂವತ್ತು ವರ್ಷ ಹಡಗೆಳೆಯುವ ದೋಣಿ ನಡೆಸಿದವನು. ಹಿಂದೊಮ್ಮೆ ಕೂಟದವರು ಬೇಸಿಗೆಯಲ್ಲಿ ಸೇರಿದ್ದಾಗ, ಸೌನಾದ ಹಬೆಕೋಣೆಯಲ್ಲಿ ಇಬ್ಬರೇ ಇದ್ದ ಹೊತ್ತು ಆರ್ವೊ ಹೇಳಿದ್ದ: "ನಂಗೆ ಕೆಂಪು, ಹಸಿರು ಎರಡೂ ಒಂದೇ ಕಣೋ. ಕಣ್ಣಿನ ಡಾಕ್ಟರ ಬಣ್ಣದ ಪುಸ್ತಕಾನ ಬಾಯಿಪಾಠ ಮಾಡಿ ಪಾಸಾದೆ. ಬಂದರಿನ ದೀಪ ಎಲ್ಲೆಲ್ಲಿವೆ ಅಂತ ನೆನಪಿಟ್ಕೊಂಡೇ ದೋಣಿ ಬಿಟ್ಟೆ. ಯಾರಿಗಾದ್ರೂ ಅಂದೀಯ ಮತ್ತೆ!" ಮನೆಗೆ ಮರಳಿದ ಒಸ್ಮೊ ಅವನ ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ನೀಲಿ, ಕಿತ್ತಳೆಗಳನ್ನು ಹಲಗೆಗೆ ಹಾಕಿದ್ದ.

ಒಸ್ಮೊ ವೆನ್ಲಾಳ ಪ್ರಶ್ನೆಯನ್ನು ಓದಿದ. 'ಕಾರಣ ಇದೆ, ಮುಟ್ಟಬೇಡ' ಎಂದಿಷ್ಟು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಅಷ್ಟು ಜಾಣೆಯಲ್ಲವೇ, ತಾನೇ ಕಂಡುಕೊಳ್ಳಲಿ ಎಂದುಕೊಂಡ. ಅವಳು ನಾಲ್ಕು ದಿನ ಕಾದು ಬಣ್ಣ ಬದಲಿಸಿದಳು.

ಮೂರೇ ವಾರದಲ್ಲಿ ಹೊಸ ಹಲಗೆ ಬಂತು. "ಇದೇನು ವೆನ್ಲಾ, ಹಲಗೆ ಕಟ್ಟು ಅಂದ್ರೆ ಅರಮನೆ ಕಟ್ಟಿದ್ದೀಯಲ್ಲೇ!" ಎಂದು ಒಬ್ಬ. "ಒಸ್ಮೊಂದು ಗಟ್ಟಿಮುಟ್ಟು ಟ್ರ್ಯಾಕ್ಟರು ಬಿಡು. ಎಳೀತಿತ್ತು, ಸದ್ದೂ ಮಾಡ್ತಿತ್ತು" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು, ಒಸ್ಮೊನೂ ನಕ್ಕ. ಆಮೇಲೆ ಎರಡು ದಿನ ಏಲಕ್ಕಿ ಬನ್ನು, ಕಾಫಿ ಇಟ್ಟುಕೊಂಡು ಅದರಲ್ಲಿ ಹುಳುಕು ಹುಡುಕುತ್ತ ಕುಳಿತ. ಒಂದು ಅಂಕಿ ಕೂದಲೆಳೆಯಷ್ಟು ಎಡಕ್ಕಿತ್ತು, ಅಷ್ಟೇ. ಉಳಿದದ್ದೆಲ್ಲ ಚೆನ್ನಾಗಿತ್ತು. ತಾನು ಹತ್ತು ವರ್ಷ ಮಾಡಬೇಕೆಂದುಕೊಂಡು ಮಾಡಲಾಗದ್ದನ್ನೂ ಅವಳು ಮಾಡಿದ್ದಳು.

ಭಾನುವಾರ ಮಧ್ಯಾಹ್ನ ದಂಡು ಹೊರಟಿತು.

"ಆರ್ವೊ, ವಿಷ! ನಂಗೆ ವಿಷ ಏರ್ತಿದೆ!"

"ಆರ್ವೊ, ಇಲ್ನೋಡೋ! ನಿದ್ದೆ ಮಾಡ್ತಿದ್ದೀಯೇನು?"

ಇಪ್ಪತ್ತರಲ್ಲಿ ಹದಿನೆಂಟು ಜನ ಬಿದ್ದರು. ಮುಂದಿನ ಭಾನುವಾರವೂ ಅದೇ ಕತೆ. ಮೂರನೆಯ ಭಾನುವಾರ ಬೈಗುಳ ಮುಗಿದ ಮೇಲೆ ಆರ್ವೊ ಮೆಲ್ಲಗೆ ಹೇಳಿದ: "ವಯಸ್ಸಾಯ್ತು ಕಣ್ರೋ, ಕೈ ಓಡ್ತಿಲ್ಲ. ಬೇರೆ ವೈದ್ಯನ್ನ ನೋಡ್ಕೊಳ್ಳಿ."

ಒಸ್ಮೊ ತಕ್ಷಣ ಫೋನ್ ಮಾಡಿದ.

"ಆ ಹುಡುಗಿ ಬಣ್ಣ ಬದಲಿಸ್ಬಿಟ್ಟಿದ್ದಾಳೆ ಕಣೋ" ಎಂದ ಆರ್ವೊ. "ನಂಗೆ ಎಲ್ಲಾ ಒಂದೇ ಕೆಸರು."

"ಅವಳಿಗೆ ಹೇಳು ಮತ್ತೆ."

"ಹೇಳಿ? ಕೂಟದಲ್ಲಿ ನನ್ನ ಬಂದರಿನವರೇ ಇಬ್ಬರಿದ್ದಾರೆ. ಮೂವತ್ತು ವರ್ಷ ಮೋಸ ಮಾಡ್ದ ಅಂತಾರೆ. ಸತ್ರೂ ಹೇಳಲ್ಲ, ನೀನೂ ಬಾಯಿ ಬಿಡ್ಬೇಡ. ಆದ್ರೂ ಬಣ್ಣ ಬದಲಿಸೋಕೆ ಮುಂಚೆ ಅವಳು ನಿನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಆಮೇಲೆ ಮಾಡ್ತೀನಿ" ಎಂದು ಒಸ್ಮೊ ಫೋನ್ ಇಟ್ಟ. ಮಂಡಿ ಹೋಗಿ ಮೂರನೆಯ ಮಹಡಿಯಿಂದ ಇಳಿಯದ ಆರ್ವೊನಿಗೆ ವಾರವೆಲ್ಲ ಇದ್ದ ಸಂಗವೆಂದರೆ ಆ ಕೂಟವೊಂದೇ. ಅದನ್ನು ಕಿತ್ತುಕೊಂಡವಳು ವೆನ್ಲಾ ಅಲ್ಲ.

ಬಾಯಿಬಿಟ್ಟರೆ ಗೆಳೆಯನ ಮಾನ ಹೋಗುತ್ತದೆ, ಬಿಡದಿದ್ದರೆ ಗೆಳೆಯನೇ ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಸೋಮವಾರ ಇಡೀ ದಿನ ಒದ್ದಾಡಿದ ಒಸ್ಮೊ ಮಂಗಳವಾರ ಬೆಳಿಗ್ಗೆ ವೆನ್ಲಾಳಿಗೆ ಖಾಸಗಿಯಾಗಿ ಬರೆದ: "ಹಳೆಯ ಬಣ್ಣವನ್ನೇ ಹಾಕು. ನನಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ನೀನು ಕೇಳಿದ್ದನ್ನು ಅಂದೇ ಓದಿದ್ದೆ. ಹೊಟ್ಟೆಕಿಚ್ಚಿಗೆ ಉತ್ತರ ಕೊಡಲಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ."

ಚೆನ್ನಾಗಿ ಉಗಿಯುತ್ತಾಳೆಂದು ಕಾದ. ಉಗಿದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಅವಳ ಉತ್ತರ ಬಂತು: "ಅಯ್ಯೋ, ಹತ್ತು ನಿಮಿಷದ ಕೆಲಸ! ನೀನು ಹೇಳಿದ್ದೇ ಒಳ್ಳೆಯದಾಯಿತು. ಯಾರಿಗೂ ಹೇಳುವುದಿಲ್ಲ." ಒಳ್ಳೆಯವಳೂ ಹೌದು ಎಂದು ಗೊತ್ತಾಗಿ ಒಸ್ಮೊನಿಗೆ ಇನ್ನಷ್ಟು ಉರಿಯಿತು. ಸಂಜೆಯೊಳಗೆ ಪಟ್ಟಿಗಳು ನೀಲಿಯಾದವು. ಬದಲಾವಣೆಯ ಟಿಪ್ಪಣಿಯಲ್ಲಿ ಅವಳು 'ಕಣ್ಣಿಗೆ ಹಿತವಾದ ಬಣ್ಣ' ಎಂದಷ್ಟೇ ಬರೆದಿದ್ದಳು.

ಬಣ್ಣ ತಿರುಗಿ ಬಂದಿದೆ ನೋಡು, ಇದೊಂದು ಸಲ ಬಾ ಎಂದು ಒಸ್ಮೊ ಬೇಡಿಕೊಂಡದ್ದಕ್ಕೆ ಆರ್ವೊ ಭಾನುವಾರ ಬಂದ. ಅಂದು ಒಬ್ಬರೂ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಅವನೇ ಫೋನ್ ಮಾಡಿದ.

"ನೋಡಿದ್ಯೇನೋ ಆ ಹುಡುಗೀನ! ಯಾರೂ ಒಂದು ಮಾತು ಹೇಳ್ದೆ ನನ್ನ ಕಷ್ಟ ತಿಳ್ಕೊಂಡ್ಲಲ್ಲೋ. ನಿಂಗಾದ್ರೆ ನಾನೇ ಬಾಯಿಬಿಟ್ಟು ಹೇಳ್ಬೇಕಾಯ್ತು. ಅದಕ್ಕೇ ಅನ್ನೋದು, ಹಲಗೆ ಕಟ್ಟೋಕೆ ಕೈ ಇದ್ರೆ ಸಾಲ್ದು, ಕರುಳೂ ಇರ್ಬೇಕು."

ಬಣ್ಣ ಹೇಳಿ ಹಾಕಿಸಿದ್ದು ತಾನೇ ಎಂದು ಹೇಳಿಬಿಡಬೇಕೆನಿಸಿತು ಒಸ್ಮೊನಿಗೆ. ಅದನ್ನು ಹೇಳಿದರೆ ಮೊದಲು ಸುಮ್ಮನಿದ್ದದ್ದನ್ನೂ ಹೇಳಬೇಕಿತ್ತು.

"ಹೌದು ಕಣೋ, ಜಾಣೆ" ಎಂದ.

"ಏನಂದೆ? ಕೇಳಿಸ್ಲಿಲ್ಲ!"

ಒಸ್ಮೊ ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.