ಬಾಗಿಲು ತೆಗೆ, ಪ್ರೋಗ್ರಾಂ ತೆಗೆ

ಕಳೆದ ವರ್ಷ ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಹಿರಿಯ ಟೆಕ್ನಿಕಲ್ ರೈಟರ್ ಆಗಿದ್ದೆ. ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು. ಇಪ್ಪತ್ತಾರು ವರ್ಷ ಯಂತ್ರಗಳ ಕೈಪಿಡಿ ಬರೆದವಳು ನಾನು. ನನ್ನ ವಾಕ್ಯ ಓದಿ ಯಾರೂ ತಪ್ಪು ಗುಂಡಿ ಒತ್ತಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ಇರಲಿಲ್ಲ.

ಆಗ ನಮ್ಮಲ್ಲಿಗೆ ಎಐ ಕೋಡಿಂಗ್ ಏಜೆಂಟ್ ಬಂತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಲೋಹವನ್ನು ಎಲ್ಲಿ, ಎಷ್ಟು ಕೊರೆಯಬೇಕೆಂದು ಹೇಳುವ ಪ್ರೋಗ್ರಾಂಗಳನ್ನು ಬರೆಯುವುದು, ತಿದ್ದುವುದು ಅದರ ಕೆಲಸ. ಆಪರೇಟರ್ ಕನ್ನಡದಲ್ಲಿ ಟೈಪ್ ಮಾಡಿದರೆ ಸಾಕು. ಏಜೆಂಟ್ ಕೈಗೆ ಹದಿನಾಲ್ಕು ಟೂಲ್‌ಗಳನ್ನು ಕೊಟ್ಟಿದ್ದರು. ಪೀಣ್ಯದಲ್ಲಿ ಟೂಲ್ ಅಂದರೆ ಡ್ರಿಲ್ಲು, ಕಟರ್ರು. ಇಲ್ಲಿ ಮಾತ್ರ ಒಂದೊಂದು ಕೆಲಸ ಮಾಡುವ ಪುಟ್ಟ ಸಾಫ್ಟ್‌ವೇರ್. ಯಾವಾಗ ಯಾವುದನ್ನು ಬಳಸಬೇಕೆಂದು ಏಜೆಂಟ್ ತಿಳಿಯುವುದು ಆಯಾ ಟೂಲ್‌ಗೆ ಬರೆದ ವಿವರಣೆ ಓದಿ. ಅವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕಾಫಿಗೆ ಹೋದೆ.

ಒಂದು ಟೂಲ್‌ಗೆ ‘ಪ್ರೋಗ್ರಾಂ ತೆರೆಯುತ್ತದೆ’ ಎಂದು ಬರೆದಿದ್ದೆ, ಇನ್ನೊಂದಕ್ಕೆ ‘ಪ್ರೋಗ್ರಾಂ ತೆಗೆಯುತ್ತದೆ’ ಎಂದು. ತೆರೆಯುವುದೆಂದರೆ ಓದಲು ಬಿಚ್ಚುವುದು, ತೆಗೆಯುವುದೆಂದರೆ ಅಳಿಸಿಹಾಕುವುದು. ಚುಟುಕು, ಶುದ್ಧ. ಅಚ್ಚಿಗೆ ಕಳಿಸಿದ್ದರೂ ಯಾರೂ ಕೊಂಕು ತೆಗೆಯುವಂತಿರಲಿಲ್ಲ.

ನೀಲಮ್ಮ ಗದಗದ ಕಡೆಯವಳು. ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆ. ಆರು ವರ್ಷ ಪ್ಯಾಕಿಂಗ್‌ನಲ್ಲಿದ್ದು, ಊಟದ ಬಿಡುವಿನಲ್ಲಿ ಯಂತ್ರದ ಪಕ್ಕ ನಿಂತು ಕೆಲಸ ಕಲಿತು, ಆಪರೇಟರ್ ಆಗಿ ಪ್ರೊಬೇಷನ್‌ನಲ್ಲಿದ್ದಳು. ಆ ಶನಿವಾರ ಅವಳ ಕಾಯಂ ಪತ್ರಕ್ಕೆ ಸಹಿ ಬೀಳಬೇಕಿತ್ತು.

ಗುರುವಾರ ಬೆಳಿಗ್ಗೆ, ಬ್ರಾಕೆಟ್ ಎಂಬ ಬಿಡಿಭಾಗಕ್ಕೆ ತೂತು ಕೊರೆಯುವ ಮುನ್ನ ಅವಳು ಏಜೆಂಟ್‌ಗೆ, ‘ಬ್ರಾಕೆಟ್ ಪ್ರೋಗ್ರಾಂ ತೆಗೆದು ಡ್ರಿಲ್ ವೇಗ ಕಡಿಮೆ ಮಾಡು’ ಎಂದು ಟೈಪ್ ಮಾಡಿದಳು. ಏಜೆಂಟ್ ಪ್ರೋಗ್ರಾಂ ಅಳಿಸಿತು. ಆಮೇಲೆ ತಾನೇ ಹೊಸದೊಂದನ್ನು ಬರೆದು, ವೇಗ ತಗ್ಗಿಸಿ, ಕೆಲಸ ಮುಗಿದಿದೆ ಎಂದಿತು. ಹೊಸದರಲ್ಲಿ ತೂತಿನ ಜಾಗ ತಪ್ಪಿತ್ತು. ಅದನ್ನೇ ಓಡಿಸಿದಾಗ ಶಬ್ದ ಬದಲಾಗಿದ್ದನ್ನು ಕೇಳಿ ನೀಲಮ್ಮ ತಕ್ಷಣ ಯಂತ್ರ ನಿಲ್ಲಿಸಿದಳು. ಡ್ರಿಲ್ ಮುರಿಯಿತು, ಯಂತ್ರ ಉಳಿಯಿತು. ಆದರೆ ಹಳೆಯ ಪ್ರೋಗ್ರಾಂನಲ್ಲಿ ತಿಂಗಳುಗಟ್ಟಲೆ ತಿದ್ದಿದ್ದ ಅಳತೆಗಳೆಲ್ಲ ಹೋಗಿದ್ದವು.

ಪ್ರೊಡಕ್ಷನ್ ಮ್ಯಾನೇಜರ್ ರವೀಂದ್ರ ನಮ್ಮಿಬ್ಬರನ್ನೂ ಕ್ಯಾಬಿನ್‌ಗೆ ಕರೆಸಿದರು. ಅವಳು ಟೈಪ್ ಮಾಡಿದ್ದರ ಪ್ರಿಂಟ್ ಅವರ ಕೈಯಲ್ಲಿತ್ತು.

“ಪ್ರೋಗ್ರಾಂ ತೆಗೆದು ಅಂತ ನೀನೇ ಹೊಡೆದಿದ್ದೀಯಲ್ಲಮ್ಮ. ಮೇಡಂ, ನಿಮ್ಮ ವಿವರಣೆಯಲ್ಲಿ ತೆಗೆಯೋದು ಅಂದ್ರೇನು?”

“ಡಿಲೀಟ್” ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

“ಅಷ್ಟೇ ಸಾಕು. ಶನಿವಾರದ್ದು ಕ್ಯಾನ್ಸಲ್. ಪ್ಯಾಕಿಂಗ್‌ಗೇ ವಾಪಸ್ ಹೋಗು.”

ನೀಲಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿದಳು. “ಮನ್ಯಾಗ ಬಾಗಲಾ ತಗೀರಿ ಅಂದ್ರ ನೀವು ಬಾಗಲಾ ಕಿತ್ತು ಒಗೀತೀರೇನ್ರಿ ಮೇಡಂ?”

ಅಂದು ಬೆಳಿಗ್ಗೆ ತಾನೇ ನಾನು ಗಂಡನಿಗೆ ‘ಬಾಗ್ಲು ತೆಗೀರಿ, ಹಾಲು ಬಂತು’ ಎಂದು ಕೂಗಿದ್ದೆ. ನಾವು ಪೆಟ್ಟಿಗೆ ತೆಗೆಯುತ್ತೇವೆ, ಪುಸ್ತಕ ತೆಗೆಯುತ್ತೇವೆ, ಅಂಗಡಿ ತೆಗೆದಿದೆಯಾ ಎಂದು ಕೇಳುತ್ತೇವೆ. ‘ತೆರೆ’ ಎಂಬ ಮಾತನ್ನು ಬಾಯಲ್ಲಿ ಕೊನೆಯ ಸಲ ಯಾವಾಗ ಆಡಿದ್ದೆನೋ ನೆನಪಾಗಲಿಲ್ಲ. ನನಗೆ ವಿಪರೀತ ನಾಚಿಕೆಯಾಯಿತು. ಸುಮ್ಮನಿದ್ದುಬಿಟ್ಟರೆ ನನ್ನ ಇಪ್ಪತ್ತಾರು ವರ್ಷದ ಹೆಸರು ಹಾಗೇ ಉಳಿಯುತ್ತದೆ ಎಂದೂ ಹೊಳೆಯಿತು. ಹೊಳೆದದ್ದನ್ನು ಈಗ ಒಪ್ಪಿಕೊಳ್ಳುತ್ತೇನೆ.

“ರವೀಂದ್ರ, ಅವಳು ಸರಿಯಾಗೇ ಹೇಳಿದ್ದಾಳೆ. ತಪ್ಪು ನನ್ನ ವಾಕ್ಯದ್ದು. ರಿಪೋರ್ಟಲ್ಲಿ ನನ್ನ ಹೆಸರು ಹಾಕಿ.”

“ರಿಟೈರ್ ಆಗೋ ಹೊತ್ತಲ್ಲಿ ಇದನ್ನ ಯಾಕೆ ಮೈಮೇಲೆ ಹಾಕ್ಕೊಳ್ತೀರಿ ಮೇಡಂ?”

“ಹಾಕ್ಕೊಳ್ಳೋದೇನ್ ಬಂತು, ಮೈಮೇಲೇ ಇದೆ.”

ಅವರು ರಿಪೋರ್ಟಿನಲ್ಲಿ ನೀಲಮ್ಮನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದರು.

ಶುಕ್ರವಾರ ಇಡೀ ದಿನ ನೀಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹದಿನಾಲ್ಕೂ ವಿವರಣೆಗಳನ್ನು ಮತ್ತೆ ಬರೆದೆ. ನಾನು ಒಂದೊಂದನ್ನೇ ಓದುತ್ತಿದ್ದೆ. ಯಂತ್ರದ ಮುಂದೆ ನಿಂತವರು ಅದನ್ನು ಹೇಗೆ ಹೇಳುತ್ತಾರೆಂದು ಅವಳು ಹೇಳುತ್ತಿದ್ದಳು. ‘ಕೂಲೆಂಟ್ ಬಿಡು’ ಎಂಬಲ್ಲಿಗೆ ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೂಲೆಂಟ್ ಅಂದರೆ ಡ್ರಿಲ್ ಕಾಯದಂತೆ ಸುರಿಯುವ ದ್ರವ. ಅವಳಿಗೆ ಬಿಡು ಅಂದರೆ ಹರಿಸು. ನಾನು ಬರೆದದ್ದು ಕೈಬಿಡು, ಅಂದರೆ ಸುರಿಯಬೇಡ ಎಂಬರ್ಥದಲ್ಲಿ. ಇನ್ನೊಂದು ವಾರ ಹೋಗಿದ್ದರೆ ಅದೂ ಒಂದು ರಿಪೋರ್ಟ್ ಆಗುತ್ತಿತ್ತು.

ಅಳಿಸುವ ಟೂಲ್‌ನ ವಿವರಣೆ ಹೀಗಾಯಿತು: ‘ಇದು ಪ್ರೋಗ್ರಾಂ ಅನ್ನು ಶಾಶ್ವತವಾಗಿ ಅಳಿಸುತ್ತದೆ, ಮತ್ತೆ ಸಿಗುವುದಿಲ್ಲ. ತೆಗೆ, ತೆಗಿ, ತಗಿ ಎಂದಷ್ಟೇ ಹೇಳಿದ್ದರೆ ಇದನ್ನು ಬಳಸಬೇಡ. ಓದಲು ತೆರೆಯಬೇಕೋ, ಅಳಿಸಬೇಕೋ ಎಂದು ಮೊದಲು ಕೇಳು.’ ಎರಡು ಪದ ಇದ್ದದ್ದು ಇಷ್ಟುದ್ದವಾಯಿತು. ನನ್ನ ಹಳೆಯ ವಾಕ್ಯದ ಅಂದವೂ ಹೋಯಿತು. ಹೋಗಲಿ ಬಿಡಿ.

ಓದುವವರಿಗೆ ಅರ್ಥವಾಗುವಂತೆ ಬರೆಯುವುದು ನನ್ನ ಕಸುಬು ಎಂದುಕೊಂಡೇ ಅಷ್ಟು ವರ್ಷ ಕಳೆದಿದ್ದೆ. ಆ ಕೆಲಸ ಮಾಡುವವರು ಅದನ್ನು ತಮ್ಮ ಬಾಯಲ್ಲಿ ಏನೆನ್ನುತ್ತಾರೆಂದು ಮೊದಲು ಕೇಳಬೇಕೆಂಬುದನ್ನು ಕಲಿತದ್ದು ಕೊನೆಯ ವರ್ಷದಲ್ಲಿ, ಅದೂ ಇನ್ನೊಬ್ಬಳ ಕೆಲಸ ಹೋಗುವುದರಲ್ಲಿದ್ದಾಗ.

ಶನಿವಾರ ನೀಲಮ್ಮನ ಪತ್ರಕ್ಕೆ ಸಹಿ ಬಿತ್ತು. ಅದನ್ನು ಮಡಚಿ ಬ್ಯಾಗಿನೊಳಗಿಟ್ಟು ಅವಳು ಯಂತ್ರದ ಹತ್ತಿರ ಹೋದಳು. ಆ ತಿದ್ದುಪಡಿಗಳಿಗೂ ಮುಂಚಿನ ಒಂದು ಬ್ಯಾಕಪ್ ಪ್ರತಿ ಸಿಕ್ಕಿತ್ತು, ಅದರಿಂದ ಬ್ರಾಕೆಟ್ ಪ್ರೋಗ್ರಾಂ ಅನ್ನು ಮತ್ತೆ ತಿದ್ದಬೇಕಿತ್ತು. ಬೇಕೆಂದೇ ‘ಬ್ರಾಕೆಟ್ ಪ್ರೋಗ್ರಾಂ ತಗಿ’ ಎಂದು ಟೈಪ್ ಮಾಡಿದಳು. ‘ಓದಲು ತೆರೆಯಲೇ, ಅಳಿಸಲೇ?’ ಎಂಬ ಸಾಲು ಪರದೆಯ ಮೇಲೆ ಬಂತು.

“ತಡಾ ಆದ್ರೂ ಕೇಳೂದು ಕಲ್ತೈತ್ ನೋಡ್ರಿ ಮೇಡಂ” ಎಂದಳು. ಹೇಳುವಾಗ ಅವಳ ಕಣ್ಣು ನನ್ನ ಮೇಲಿತ್ತು.